ಬೋಟ್ ಜಾತ್ರೆಯಲ್ಲಿ ಅಪ್ಪಯ್ಯ

ಸಿಯಾಟಲ್ ಸುತ್ತಮುತ್ತ ಇರೋ ಕನ್ನಡದ ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಚಳಿಗಾಲದಲ್ಲಿ ಒಂದು ವಿಶೇಷ ತಲೆನೋವು ಶುರುವಾಗುತ್ತೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಶನಿವಾರ, ಭಾನುವಾರ ಎಲ್ಲಿಗೆ ಕರ್ಕೊಂಡು ಹೋಗೋದು? ಬೇಸಿಗೆಯಾದ್ರೆ ಚಿಂತೆಯಿಲ್ಲ. ಮೌಂಟ್ ರೇನಿಯರ್ ಇದೆ, ಕೆರೆ ದಂಡೆಯ ಪಾರ್ಕುಗಳಿವೆ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತೆ. ಜನವರಿಯಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಜೊತೆಗೆ ಮಳೆ. ಅದೂ ನಮ್ಮ ಮಲೆನಾಡಿನ ಮಳೆಯಲ್ಲ, ಇಡೀ ದಿನ ಜಿಟಿಜಿಟಿ. "ಬಂದ್ರೆ ಬರಬೇಕು, ಇಲ್ಲಾಂದ್ರೆ ಹೋಗಬೇಕು. ಇದೆಂತ ಮಳೆ ಮಾರಾಯ, ಸಾಲ ವಸೂಲಿಗೆ ಬಂದವರ ಹಂಗೆ ಬಾಗಿಲಲ್ಲೇ ನಿಂತಿದೆ" ಅಂತ ನಮ್ಮ ಅಪ್ಪಯ್ಯ ದಿನಕ್ಕೆ ಎರಡು ಸಲ ಹೇಳ್ತಿದ್ರು.

ಈ ಸಲ ಅಡಿಕೆ ಫಸಲನ್ನು ಚೇಣಿಗೆ ಕೊಟ್ಟಿದ್ದರಿಂದ ಅವರು ಕೊಯ್ಲಿನ ಕಾಲದಲ್ಲೇ ಬಂದಿದ್ರು. ಮಾಲ್ ಮುಗೀತು, ದೇವಸ್ಥಾನ ಮುಗೀತು, ಕಾಸ್ಟ್‌ಕೋ ಮೂರು ಸಲ ಆಯ್ತು. ಕೊನೆಗೆ ನನ್ನ ಹೆಂಡತಿ ಬೋಟ್ ಶೋ ಹುಡುಕಿದಳು. ಛಾವಣಿ ಇದೆ, ಬೆಚ್ಚಗಿರುತ್ತೆ, ಮಗಳಿಗೆ ಓಡಾಡೋಕೆ ಜಾಗ ಇದೆ, ಮಾವನಿಗೆ ನೋಡೋಕೆ ಯಂತ್ರಗಳಿವೆ. "ನಾವೇನು ಬೋಟ್ ತಗೋತೀವಾ?" ಅಂದೆ. "ಜಾತ್ರೆಗೆ ಹೋದವರೆಲ್ಲ ಎತ್ತು ತಗೋತಾರಾ?" ಅಂದಳು. ಅಲ್ಲಿಗೆ ಮಾತು ಮುಗೀತು.

ಇಲ್ಲಿಯ ಬೋಟ್ ಶೋ ಮುಕ್ಕಾಲು ಶತಮಾನಕ್ಕೂ ಹಳೆಯದು. ಪ್ರತಿ ವರ್ಷ ಜನವರಿ ಕೊನೆಗೆ, ಫೆಬ್ರವರಿ ಮೊದಲ ದಿನಗಳಿಗೆ, ಫುಟ್‌ಬಾಲ್ ನಡೆಯೋ ಲೂಮೆನ್ ಫೀಲ್ಡ್ ಪಕ್ಕದ ದೊಡ್ಡ ಹಾಲ್‌ನಲ್ಲಿ ಸೇರುತ್ತೆ. ತೀರಾ ದೊಡ್ಡ ಬೋಟುಗಳನ್ನು ಬೇರೆ ಕಡೆ ನೀರಲ್ಲೇ ನಿಲ್ಲಿಸಿರ್ತಾರೆ. ಬೋಟು ಓಡಿಸೋದು ಬೇಸಿಗೆಯಲ್ಲಿ, ಮಾರೋದು ಚಳಿಗಾಲದಲ್ಲಿ ಯಾಕೆ ಅಂತ ನಿಮಗೂ ಅನ್ನಿಸಬಹುದು. ಕಾರಣ ಸರಳ. ಈಗ ಆರ್ಡರ್ ಕೊಟ್ರೆ ಬಿಸಿಲು ಬರೋ ಹೊತ್ತಿಗೆ ಬೋಟು ತಯಾರಾಗುತ್ತೆ. ಕೊಳ್ಳೋರಿಗೂ ಬೇರೆ ಕೆಲಸ ಇರಲ್ಲ, ಮನೆಯಲ್ಲಿ ಕೂತು ಬೇಸಿಗೆಯ ಕನಸು ಕಾಣ್ತಿರ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾಲ್‌ನ ಒಳಗೆ ನಿಲ್ಲಿಸಿದ ಬೋಟಿನ ತಳ ಕಾಣುತ್ತೆ. ನೀರಿನ ಮೇಲಿದ್ದಾಗ ಬೋಟು ಅರ್ಧ ಸುಳ್ಳು, ತಳ ನೋಡಿದ ಮೇಲೇ ಗೊತ್ತಾಗೋದು ಅಂತ ಒಬ್ಬ ಸೇಲ್ಸ್‌ಮನ್ ಹೇಳಿದ. ಅಪ್ಪಯ್ಯನಿಗೆ ಅನುವಾದಿಸಿದ ತಕ್ಷಣ ಆ ಮನುಷ್ಯ ಇಷ್ಟವಾಗಿಬಿಟ್ಟ.

ನಾವಿರೋದು ರೆಡ್ಮಂಡ್‌ನಲ್ಲಿ. ಅಲ್ಲಿಂದ ಸಿಯಾಟಲ್‌ಗೆ ಹೋಗಬೇಕಾದ್ರೆ ನಡುವೆ ಲೇಕ್ ವಾಷಿಂಗ್ಟನ್ ದಾಟಬೇಕು. ಕೆರೆ ಆಳ, ತಳದಲ್ಲಿ ಬರೀ ಮೆತ್ತನೆ ಕೆಸರು. ಕಂಬ ನಿಲ್ಲಿಸೋದು ಕಷ್ಟ ಅಂತ 77 ಕಾಂಕ್ರೀಟ್ ಪೆಟ್ಟಿಗೆಗಳನ್ನು ನೀರಿನ ಮೇಲೆ ತೇಲಿಬಿಟ್ಟು, ಲಂಗರು ಹಾಕಿ, ಅದರ ಮೇಲೆ ಹೈವೇ ಮಾಡಿದ್ದಾರೆ. ತೇಲೋ ಭಾಗದ ಉದ್ದ ಸುಮಾರು 2,350 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ ತೇಲುಸೇತುವೆ. ನಾನು ಇದನ್ನ ಹೆಮ್ಮೆಯಿಂದ ಹೇಳಿದೆ, ನಾನೇ ಕಟ್ಟಿದವನ ಹಾಗೆ. ಅಪ್ಪಯ್ಯ ಕಿಟಕಿ ಕಡೆ ನೋಡ್ತಾ, "ನಮ್ಮದು ಇದಕ್ಕಿಂತ ಸ್ವಲ್ಪ ಉದ್ದ ಅಲ್ದಾ?" ಅಂದ್ರು.

ಹೌದು. ನಮ್ಮದು ಉದ್ದ. ನಮ್ಮೂರು ಸಾಗರ ತಾಲೂಕಿನ ಕರೂರು ಹೋಬಳಿ, ಅಂದ್ರೆ ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರು ಚೌಡೇಶ್ವರಿಗೆ ಹೋದವರಿಗೆ ಆ ದಾರಿ ಗೊತ್ತಿರುತ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮ್ಮ ಕಡೆಯ ಊರುಗಳು ತಾಲೂಕು ಕೇಂದ್ರದಿಂದ ಕಡಿದುಕೊಂಡವು. ಅಜ್ಜನ ಗದ್ದೆ ನೀರೊಳಗೆ ಹೋಯ್ತು, ಮನೆ ಮೇಲಿದ್ದ ಕಾರಣ ಉಳೀತು. ನಮ್ಮ ಕಡೆ ಇದಕ್ಕೆ ಒಂದೇ ಪದ: ಮುಳುಗಡೆ. "ಮುಳುಗಡೆಗಿಂತ ಮುಂಚೆ", "ಮುಳುಗಡೆ ಆದ ಮೇಲೆ" ಅಂತಲೇ ಕಾಲ ಲೆಕ್ಕ ಹಾಕ್ತಾರೆ. ಗಿರೀಶ್ ಕಾಸರವಳ್ಳಿಯವರ 'ದ್ವೀಪ' ನೋಡಿದ್ದರೆ ನಿಮಗೆ ಈ ನೀರಿನ ಸ್ವಭಾವ ಸ್ವಲ್ಪ ಗೊತ್ತಿರುತ್ತೆ. ಅದರ ಮೂಲ ಕಾದಂಬರಿ ಬರೆದವರು ಸಾಗರದವರೇ ಆದ ನಾ. ಡಿಸೋಜ.

ಆಮೇಲೆ ನಮ್ಮ ಬದುಕೆಲ್ಲ ಲಾಂಚಿನ ಮೇಲೆ. ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಗಾಬರಿ ಬಿದ್ದ ಎಮ್ಮೆ, ಸಿಇಟಿ ಬರೆಯೋಕೆ ಹೊರಟ ನಾನು, ಎಲ್ಲವನ್ನೂ ಅದು ದಾಟಿಸಿದೆ. ಸಂಜೆಯ ಕೊನೆಯ ಲಾಂಚ್ ಹೋಯ್ತು ಅಂದ್ರೆ ಆ ದಿನದ ಮಟ್ಟಿಗೆ ಜಗತ್ತು ಮುಚ್ಚಿದ ಹಾಗೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು. ಉದ್ದ ಸುಮಾರು 2.44 ಕಿಲೋಮೀಟರ್. ಅರವತ್ತು ವರ್ಷ ಕಾದು ಪಡೆದ ಸೇತುವೆ, ಈಗ ಕಾರಲ್ಲಿ ಮೂರು-ನಾಲ್ಕು ನಿಮಿಷದ ದಾರಿ.

ಸೇತುವೆಯ ಹಿಂದೆಯೇ ಫೋನುಗಳೂ ಬಂದವು. ಬೆಂಗಳೂರಿನ ಒಂದು ಪಾರ್ಟಿಗೆ ನಮ್ಮ ಮನೆ, ಅದರ ಕೆಳಗೆ ನೀರಿನವರೆಗೆ ಇರೋ ಜಾಗ ಬೇಕಂತೆ. ರೆಸಾರ್ಟ್ ಮಾಡ್ತಾರಂತೆ, ಬೋಟಿಂಗ್ ಇಡ್ತಾರಂತೆ. ಅವರು ಹೇಳಿದ ಮೊತ್ತ ಕೇಳಿ ನಾನು ಎರಡು ಸಲ ಸೊನ್ನೆ ಎಣಿಸಿದ್ದೆ. ಅಪ್ಪಯ್ಯನಿಗೆ 69, ಅಮ್ಮನಿಗೆ ಮಂಡಿನೋವು, ನಾನು ಒಬ್ಬನೇ ಮಗ, ಹದಿಮೂರು ಸಾವಿರ ಕಿಲೋಮೀಟರ್ ಆಚೆ. ಮಾರಿಬಿಟ್ಟು ಸಾಗರದಲ್ಲೋ ಶಿವಮೊಗ್ಗದಲ್ಲೋ ಆಸ್ಪತ್ರೆ ಹತ್ತಿರ ಒಂದು ಮನೆ ಮಾಡಿದ್ರೆ ನನಗೂ ರಾತ್ರಿ ನಿದ್ದೆ ಬರುತ್ತೆ ಅನ್ನೋದು ನನ್ನ ಲೆಕ್ಕ. ಅಪ್ಪಯ್ಯ ಬೇಡ ಅಂದಿರಲಿಲ್ಲ, ಹೂಂ ಅಂತಲೂ ಅಂದಿರಲಿಲ್ಲ. ಬಂದು ಎರಡು ತಿಂಗಳಾಗಿತ್ತು. ಆ ವಿಷಯ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಭರಣಿ ಥರ ಇತ್ತು. ಎಲ್ಲರಿಗೂ ಕಾಣುತ್ತೆ, ಯಾರೂ ಮುಚ್ಚಳ ತೆಗೆಯಲ್ಲ.

ಇಂಥ ಹೊತ್ತಲ್ಲಿ ನಾವು ಐದು ಜನ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿ ಸಮೇತ, ಬೋಟ್ ಶೋಗೆ ಹೋಗಿದ್ದು.

ಒಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಹೊಡೆಯೋದು ವಾಸನೆ. ಹೊಸ ಫೈಬರ್‌ಗ್ಲಾಸ್, ರಬ್ಬರು, ಮೇಣದ ಪಾಲಿಶ್, ಮೂಲೆಯಲ್ಲೆಲ್ಲೋ ಹುರೀತಿರೋ ಪಾಪ್‌ಕಾರ್ನ್. ಕಣ್ಣು ಹಾಯಿಸಿದಷ್ಟೂ ಬೋಟುಗಳು, ಟ್ರೈಲರ್ ಮೇಲೆ, ಸ್ಟ್ಯಾಂಡ್ ಮೇಲೆ, ಕೆಳಗೆ ಕಾರ್ಪೆಟ್ಟು. ಮೀನು ಹಿಡಿಯೋರ ಅಲ್ಯೂಮಿನಿಯಂ ಬೋಟು, ಹಿಂದೆ ಸ್ಕೀ ಎಳೆಯೋ ಬೋಟು, ಒಳಗೇ ಅಡುಗೆಮನೆ, ಮಂಚ, ಕಕ್ಕಸು ಇರೋ ಬೋಟು, ಒಬ್ಬರೇ ಕೂರೋ ಕಯಾಕು. ಮೇಲಿನವುಗಳನ್ನು ಹತ್ತಿ ನೋಡೋಕೆ ಮೆಟ್ಟಿಲು ಇಟ್ಟಿದ್ದಾರೆ, ಆದ್ರೆ ಚಪ್ಪಲಿ, ಬೂಟು ಬಿಡಬೇಕು. ಇದು ಅಮ್ಮನಿಗೆ ತುಂಬಾ ಹಿಡಿಸ್ತು. "ನೋಡು, ಇವರಿಗೂ ಮಡಿ ಇದೆ" ಅಂದಳು. ನನ್ನ ಸಾಕ್ಸಿನ ತೂತಿಂದ ಹೆಬ್ಬೆರಳು ಇಣುಕ್ತಿತ್ತು. ಹೆಂಡತಿ ಬೇರೆ ಕಡೆ ನೋಡಿದಳು.

ಮಗಳು ಮೊದಲ ಅರ್ಧ ಗಂಟೆಯಲ್ಲಿ ಹನ್ನೊಂದು ಬೋಟುಗಳ ಸ್ಟಿಯರಿಂಗ್ ತಿರುಗಿಸಿದಳು. ಅಪ್ಪಯ್ಯ ಯಾವುದನ್ನೂ ಹತ್ತಲಿಲ್ಲ. ಪ್ರತಿ ಬೋಟಿನ ಹಿಂಭಾಗಕ್ಕೆ ಹೋಗಿ ಇಂಜಿನ್ ನೋಡ್ತಿದ್ರು, ಬಗ್ಗಿ ತಳ ನೋಡ್ತಿದ್ರು, ಬೆರಳ ಗೆಣ್ಣಲ್ಲಿ ಕುಟ್ಟಿ ಸದ್ದು ಕೇಳ್ತಿದ್ರು, ತೆಂಗಿನಕಾಯಿ ನೋಡಿದ ಹಾಗೆ. ಒಂದು ಕಡೆ ನಿಂತುಬಿಟ್ರು. ಅದು ಪಾಂಟೂನ್ ಬೋಟ್. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಸಪಾಟಾದ ಹಲಗೆ, ಸುತ್ತ ಬೇಲಿ, ಮೇಲೆ ಸೋಫಾ. ಕೆರೆಯಲ್ಲಿ ನಿಧಾನಕ್ಕೆ ಸುತ್ತೋ ಮನೆ ಮಂದಿಗೆ ಮಾಡಿದ್ದು.

"ಇದು ನಮ್ಮ ಜೋಡು ದೋಣಿ" ಅಂದ್ರು. "ಲಾಂಚ್ ಕೆಟ್ಟಾಗ ಎರಡು ದೋಣಿ ಕಟ್ಟಿ ಮೇಲೆ ಹಲಗೆ ಹಾಸಿ ಮೂಟೆ ದಾಟಿಸ್ತಿದ್ವಿ. ಒಂದೇ ದೋಣಿಯಾದ್ರೆ ಮಗುಚುತ್ತೆ, ಎರಡು ಕಟ್ಟಿದ್ರೆ ಮಗುಚಲ್ಲ. ಇದಕ್ಕೆ ಎಷ್ಟಂತೆ?"

ಚೀಟಿ ನೋಡಿದೆ. 62,000 ಡಾಲರ್. ಇಂಜಿನ್ ಸೇರಿ. ರೂಪಾಯಲ್ಲಿ ಹತ್ತಿರ ಹತ್ತಿರ 55 ಲಕ್ಷ ಅಂದೆ. ಅಪ್ಪಯ್ಯ ಅದನ್ನ ಮತ್ತೆ ಅಡಿಕೆಗೆ ತಿರುಗಿಸಿಕೊಂಡ್ರು. "ನೂರು ಕ್ವಿಂಟಾಲ್!" ಆಮೇಲೆ ಸೋಫಾದ ಕಡೆ ನೋಡಿ, "ಕೂತು ಹೋಗೋಕೆ ಇಷ್ಟು ಕೊಡಬೇಕಾ? ನಾವು ನಿಂತು ಹೋಗ್ತಿದ್ವಪ್ಪ" ಅಂದ್ರು.

ಅಷ್ಟರಲ್ಲಿ ಸೇಲ್ಸ್‌ಮನ್ ಬಂದ. ಸಾಲ ಸಿಗುತ್ತೆ, ಬೇಕಾದ್ರೆ 15-20 ವರ್ಷದ ಕಂತು. ನಿಲ್ಲಿಸೋ ಜಾಗಕ್ಕೆ ಬಾಡಿಗೆ ಬೇರೆ, ಅದು ಬೋಟಿನ ಉದ್ದ ಅಡಿ ಲೆಕ್ಕದಲ್ಲಿ ತಿಂಗಳು ತಿಂಗಳು. ವಿಮೆ, ಟ್ರೈಲರ್, ಎಳೆಯೋಕೆ ದೊಡ್ಡ ಗಾಡಿ. ಇಲ್ಲಿಯವರಲ್ಲಿ ಒಂದು ಹಳೇ ಜೋಕಿದೆ: ಬೋಟ್ ಇಟ್ಟವನ ಬದುಕಲ್ಲಿ ಎರಡೇ ಖುಷಿಯ ದಿನ, ಕೊಂಡ ದಿನ ಮತ್ತು ಮಾರಿದ ದಿನ. ಅಪ್ಪಯ್ಯನಿಗೆ ಹೇಳಿದೆ. ನಗಲಿಲ್ಲ. "ಕೊಂಡಿದ್ದನ್ನ ಮಾರಬಹುದು" ಅಂದು ಮುಂದೆ ಹೋದ್ರು. ಆ ಹೊತ್ತಿಗೆ ಅದು ಬೋಟಿನ ಬಗ್ಗೆ ಮಾತ್ರ ಹೇಳಿದ್ದು ಅಂದ್ಕೊಂಡೆ.

ಮಧ್ಯಾಹ್ನ ಒಂದು ಮೂಲೆಯಲ್ಲಿ ಅವಲಕ್ಕಿ ತಿಂದ್ವಿ. ಇಂಥ ಶೋಗಳಲ್ಲಿ ಬೋಟು ಕೊಳ್ಳದವರಿಗೂ ಕಲಿಯೋಕೆ ಬೇಕಾದಷ್ಟಿರುತ್ತೆ. ಏಡಿ ಹಿಡಿಯೋದು ಹೇಗೆ, ಅಲಾಸ್ಕಾವರೆಗೆ ದ್ವೀಪಗಳ ಸಂದಿಯಲ್ಲಿ ಹೋಗೋದು ಹೇಗೆ, ಸೋನಾರ್ ಪರದೆಯಲ್ಲಿ ಮೀನು ಯಾವುದು ಕಲ್ಲು ಯಾವುದು, ದಿನವಿಡೀ ಪಾಠಗಳು. ಈ ರಾಜ್ಯದಲ್ಲಿ 15 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಇಂಜಿನ್ ಇರೋ ಬೋಟು ಓಡಿಸಬೇಕಂದ್ರೆ ಪರೀಕ್ಷೆ ಪಾಸಾಗಿ ಕಾರ್ಡ್ ತಗೋಬೇಕು. 1955ಕ್ಕಿಂತ ಮುಂಚೆ ಹುಟ್ಟಿದವರಿಗೆ ಮಾತ್ರ ವಿನಾಯ್ತಿ. "ನಾನು ಸ್ವಲ್ಪದರಲ್ಲಿ ತಪ್ಪಿದೆ" ಅಂತ ಅಪ್ಪಯ್ಯ ಬೇಜಾರು ಮಾಡ್ಕೊಂಡ್ರು. ನಲವತ್ತು ವರ್ಷ ದೋಣಿ ಹುಟ್ಟು ಹಾಕಿದ ಕೈಗೆ ಪರೀಕ್ಷೆಯಾ ಅನ್ನೋ ಭಾವ.

ಸುರಕ್ಷತೆಯ ಸಾಮಾನು ಇಟ್ಟ ಮಳಿಗೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿ ತೋರಿಸ್ತಿದ್ರು. ನನ್ನ ಮಗಳಿಗೂ ಒಂದು ತೊಡಿಸಿದ್ರು. ಬಕಲ್ಲುಗಳನ್ನೆಲ್ಲ ಬಿಗಿದು, ಭುಜದ ಹತ್ತಿರ ಎರಡೂ ಪಟ್ಟಿ ಹಿಡಿದು ಮೇಲಕ್ಕೆತ್ತಿದ್ರು. ಜಾಕೆಟ್ ಕಿವಿಯವರೆಗೆ ಜಾರಿ ಬಂದ್ರೆ ಅದು ದೊಡ್ಡದಾಯ್ತು ಅಂತರ್ಥ. ಬಿಗಿಯಾಗಿದ್ರೆ ಮಗುವೂ ಜೊತೆಗೇ ಮೇಲೇಳುತ್ತೆ. ಮಗಳು ಮೇಲೆದ್ದಳು, ಕಾಲು ಬಡಿದಳು, ಮತ್ತೊಮ್ಮೆ ಎತ್ತಿ ಅಂದಳು. 19 ಅಡಿಗಿಂತ ಚಿಕ್ಕ ಬೋಟು ಚಲಿಸ್ತಿರುವಾಗ 12 ವರ್ಷದವರೆಗಿನ ಮಕ್ಕಳು ಇದನ್ನ ಹಾಕಿರಲೇಬೇಕು ಅನ್ನೋದು ಇಲ್ಲಿಯ ಕಾನೂನು. ಇಲ್ಲಿನ ಸಮುದ್ರದ ನೀರು ವರ್ಷವಿಡೀ ತಣ್ಣಗೆ. ಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಅವರು ಒಂದು ಲೆಕ್ಕ ಹೇಳಿದ್ರು: ಒಂದು, ಹತ್ತು, ಒಂದು. ಮೊದಲ ಒಂದು ನಿಮಿಷ ಏದುಸಿರು ಹತೋಟಿಗೆ ತಂದುಕೊಳ್ಳೋಕೆ. ಆಮೇಲಿನ ಹತ್ತು ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತೆ. ಎಚ್ಚರ ತಪ್ಪೋಕೆ ಒಂದು ಗಂಟೆ ಬೇಕು, ಆದ್ರೆ ಜಾಕೆಟ್ ಇಲ್ಲದವರು ಸಾಮಾನ್ಯವಾಗಿ ಅಷ್ಟು ಹೊತ್ತು ಮೇಲಿರಲ್ಲ.

ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಿರುಗಿಸ್ತಿದ್ದೆ. ಅಪ್ಪಯ್ಯ ಕೇಳ್ತಾ ಕೇಳ್ತಾ ಜಾಕೆಟ್ಟಿನ ಬಟ್ಟೆ ಸವರ್ತಿದ್ರು.

"ಅವತ್ತು ನಿಮ್ಮಜ್ಜಿಗೆ ಎದೆನೋವು ಬಂದ ರಾತ್ರಿ, ನೆನಪಿದೆಯನಾ?"

ಹೇಗೆ ಮರೆಯಲಿ. ನನಗೆ ಎಂಟು ವರ್ಷ. ಆಗಸ್ಟ್ ತಿಂಗಳು. ಕೊನೆಯ ಲಾಂಚ್ ಹೋಗಿ ನಾಲ್ಕು ಗಂಟೆಯಾಗಿತ್ತು. ಅಜ್ಜಿಯನ್ನ ಕಂಬಳಿಯಲ್ಲಿ ಸುತ್ತಿ ದೋಣಿಯಲ್ಲಿ ಮಲಗಿಸಿದ್ರು. ಅಪ್ಪಯ್ಯ, ಪಕ್ಕದ ಮನೆಯ ದೊಡ್ಡಪ್ಪ ಹುಟ್ಟು ಹಾಕಿದ್ರು. ಅಮ್ಮನ ಕೈಯಲ್ಲಿ ಟಾರ್ಚು. ಮನೆಯಲ್ಲಿ ಬಿಟ್ಟು ಹೋಗೋಕೆ ಯಾರೂ ಇಲ್ಲ ಅಂತ ನನ್ನನ್ನೂ ಕೂರಿಸಿಕೊಂಡಿದ್ರು. ಮಳೆ, ಗಾಳಿ, ನೀರಿನ ಮೇಲೆ ತಲೆ ಎತ್ತಿದ ಒಣ ಮರಗಳ ಬೊಡ್ಡೆ. ನನಗೆ ನೆನಪಿರೋದು ದಾಟಿದ್ದಲ್ಲ. ಅಪ್ಪಯ್ಯ ತನ್ನ ಪಂಚೆಯ ಒಂದು ತುದಿಯನ್ನ ನನ್ನ ಸೊಂಟಕ್ಕೆ, ಇನ್ನೊಂದು ತುದಿಯನ್ನ ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದು. ಅಜ್ಜಿ ಉಳಿದ್ರು. ಆಮೇಲೆ ಆರು ವರ್ಷ ಬದುಕಿದ್ರು.

"ಒಬ್ಬರ ಮೈಮೇಲೂ ಇಂಥದ್ದೊಂದು ಇರಲಿಲ್ಲ" ಅಂದ್ರು ಅಪ್ಪಯ್ಯ. ಅಷ್ಟೇ. ಒಳಜೇಬಿಂದ ಪರ್ಸ್ ತೆಗೆದ್ರು. ಮೊಮ್ಮಗಳಿಗೆ ಏನಾದ್ರೂ ಕೊಡಿಸಬೇಕು ಅಂತ ಊರಿಂದ ಬರುವಾಗಲೇ ಬದಲಾಯಿಸಿಕೊಂಡು ತಂದಿದ್ದ ಡಾಲರುಗಳು. ಎರಡು ತಿಂಗಳಿಂದ ಯಾವ ಅಂಗಡಿಯಲ್ಲೂ ನಾವು ಖರ್ಚು ಮಾಡೋಕೆ ಬಿಟ್ಟಿರಲಿಲ್ಲ. "ಮಾವ, ನಮ್ಮತ್ರ ಬೋಟೇ ಇಲ್ವಲ್ಲ" ಅಂತ ನನ್ನ ಹೆಂಡತಿ ಮೆಲ್ಲಗೆ ಅಂದಳು. "ಇಲ್ಲಿಗಲ್ಲ ಕಣಮ್ಮ" ಅಂದ್ರು. ಎಲ್ಲಿಗೆ ಅಂತ ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಸರಿ ಬಣ್ಣದ್ದು ಬೇಕು ಅಂತ ಮಗಳು ಹಟ ಮಾಡಿ ಅದನ್ನೇ ತಗೊಂಡಳು.

ಹೊರಗೆ ಬಂದಾಗ ಮೂರೂವರೆ. ಮಳೆ ನಿಂತಿತ್ತು. ಅಲ್ಲಿಂದ ಫೆರಿ ಘಾಟಿಗೆ ಹೆಚ್ಚು ದೂರವಿಲ್ಲ. ಬೇನ್‌ಬ್ರಿಜ್ ದ್ವೀಪಕ್ಕೆ ಹೋಗಿ ಬರೋಣ ಅಂದೆ. 35 ನಿಮಿಷದ ದಾರಿ. ನಡೆದು ಹತ್ತೋರಿಗೆ ಹೋಗುವಾಗ ಮಾತ್ರ ಟಿಕೆಟ್, ಬರುವಾಗ ಇಲ್ಲ. ಮಕ್ಕಳಿಗೆ ಎರಡೂ ಕಡೆ ಉಚಿತ. ಬಡವರ ಕ್ರೂಸ್ ಅಂತ ನಾವು ಕರೆಯೋದು.

ಫೆರಿ ನೋಡಿದ ಮೇಲೆ ಅಪ್ಪಯ್ಯನ ಮುಖವೇ ಬದಲಾಯ್ತು. ಬೆಳಗಿನಿಂದ ನೋಡಿದ ಅಷ್ಟೂ ಬೋಟಲ್ಲಿ ಸಿಗದೇ ಇದ್ದದ್ದು ಇಲ್ಲಿ ಸಿಕ್ಕಿತ್ತು. 202 ಕಾರು ಹಿಡಿಸೋ ಲಾಂಚ್! ಕೆಳಗಿನ ಅಂತಸ್ತಿಗೆ ಕಾರುಗಳು ಒಂದರ ಹಿಂದೆ ಒಂದು ಹೋಗೋದನ್ನ, ಕೆಲಸದವರು ಕೈಸನ್ನೆ ಮಾಡಿ ಸಾಲು ಸರಿಪಡಿಸೋದನ್ನ ರೇಲಿಂಗ್ ಹಿಡಿದು ನೋಡಿದ್ರು. "ನಮ್ಮವರು ಬಸ್ಸನ್ನ ರಿವರ್ಸಲ್ಲಿ ಹತ್ತಿಸ್ತಿದ್ರು. ಅದು ಇವರಿಗೆ ಬರಲ್ಲ" ಅಂದ್ರು.

ದಾರಿಯಲ್ಲಿ ನಾನು ಲೇಕ್ ವಾಷಿಂಗ್ಟನ್ ಕತೆ ಹೇಳಿದೆ. ಬೆಳಿಗ್ಗೆ ದಾಟಿದೆವಲ್ಲ, ಆ ಕೆರೆಗೂ ಒಂದು ಮುಳುಗಡೆಯ ಕತೆಯಿದೆ, ಉಲ್ಟಾ. ಹಡಗು ಹೋಗೋಕೆ ಕಾಲುವೆ ಕಡಿದು ಸಮುದ್ರಕ್ಕೆ ಸೇರಿಸಿದಾಗ, 1916ರಲ್ಲಿ, ಕೆರೆಯ ಮಟ್ಟ ಸುಮಾರು ಒಂಬತ್ತು ಅಡಿ ಇಳೀತು. ಕೆರೆಯಿಂದ ಹೊರಡ್ತಿದ್ದ ಬ್ಲ್ಯಾಕ್ ರಿವರ್ ಅನ್ನೋ ನದಿ ಬತ್ತಿಹೋಯ್ತು. ಅದರ ದಡದಲ್ಲಿ ಮೀನು ಹಿಡಿದು ಬದುಕಿದ್ದವರು ಡುವಾಮಿಶ್ ಮೂಲನಿವಾಸಿಗಳು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ರು. "ಅವರು ಎಲ್ಲಿಗೆ ಹೋದ್ರಂತೆ?" ಅಂತ ಕೇಳಿದ್ರು. ನದಿ ಏನಾಯ್ತು, ಕಾಲುವೆ ಎಷ್ಟು ಉದ್ದ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ. ಮುಳುಗಡೆ ಕಂಡವರು ಮೊದಲು ಕೇಳೋದು ಜನರನ್ನ.

ಆಮೇಲೆ ಅವರೇ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ್ರು.

"ಆ ಬೆಂಗಳೂರಿನವರಿಗೆ ಬೇಡ ಅಂತ ಹೇಳಿಬಿಡು."

ನಾನು ನನ್ನ ಲೆಕ್ಕ ಶುರು ಮಾಡಿದೆ. ಆಸ್ಪತ್ರೆ, ಮಂಡಿ, ವಯಸ್ಸು, ನಾನು ದೂರ ಇರೋದು. ಪೂರ್ತಿ ಕೇಳಿಸಿಕೊಂಡ್ರು. "ಸೇತುವೆ ಇಲ್ಲದಾಗ ಇದ್ವಿ. ಈಗ ರಾತ್ರಿ ಹನ್ನೆರಡಕ್ಕೂ ಆಂಬುಲೆನ್ಸ್ ಮನೆಗೆ ಬರುತ್ತೆ. ಈಗ ಬಿಟ್ಟು ಹೋಗೋದಾ?" ಅಂದ್ರು. ನನ್ನ ಲೆಕ್ಕ ಪೂರ್ತಿ ಸುಳ್ಳಲ್ಲ, ಅವರದ್ದು ಪೂರ್ತಿ ಸರಿಯೂ ಅಲ್ಲ. ಸೇತುವೆಯಿಂದ ದೊಡ್ಡ ಆಸ್ಪತ್ರೆ ಇನ್ನೂ ದೂರವೇ. ಆದ್ರೆ ಮಾತು ಮಾತಿನ ಥರ ಆಯ್ತು. ಅಮ್ಮ ನಡುವೆ ಬಾಯಿ ಹಾಕಿ, "ಮಂಡಿ ನನ್ನದು, ನನ್ನ ಕೇಳಿದೀರಾ ಇಬ್ಬರೂ?" ಅಂದಳು. ಅವಳ ಷರತ್ತು ಒಂದೇ: ಮನೆಯ ಒಳಗೆ ಕಮೋಡ್ ಇರೋ ಬಚ್ಚಲು, ಮೆಟ್ಟಿಲಿಗೆ ಹಿಡಿಕೆ. ಇಷ್ಟು ವರ್ಷ ಸಿಮೆಂಟು, ಇಟ್ಟಿಗೆ ಲಾಂಚಲ್ಲಿ ಬರಬೇಕು ಅಂತ ಮುಂದೂಡಿದ್ದು. ಈಗ ಲಾರಿ ಬಾಗಿಲಿಗೇ ಬರುತ್ತಲ್ಲ. ಆ ಕೆಲಸಕ್ಕೆ ನಾನು ದುಡ್ಡು ಕೊಡ್ತೀನಿ ಅಂದೆ. ಅಪ್ಪಯ್ಯ ಬೇಡ ಅನ್ನಲಿಲ್ಲ.

ಊರಿಗೆ ವಾಪಸ್ ಹೋದ ಮೇಲೆ ಬಚ್ಚಲು ಕೆಲಸ ಶುರುವಾಗಿದೆ, ವಾರಕ್ಕೊಂದು ಫೋಟೋ ವಾಟ್ಸಾಪಲ್ಲಿ ಬರುತ್ತೆ. ಇಲ್ಲಿ ಶಾಲೆಗೆ ರಜೆ ಜೂನ್ ಮಧ್ಯದಿಂದ. ಆಗ ನಮ್ಮಲ್ಲಿ ಮಳೆಗಾಲ, ಮಗುವನ್ನ ನೀರಿಗೆ ಇಳಿಸೋ ಮಾತೇ ಇಲ್ಲ. ಡಿಸೆಂಬರ್ ರಜೆಯೇ ಸರಿ, ಮಳೆ ಹೋಗಿ ಹಿನ್ನೀರು ಶಾಂತವಾಗಿರುತ್ತೆ. ದೋಣಿಗೆ ಡಾಂಬರು ಬಳಿಸಿ ಇಡ್ತೀನಿ ಅಂತ ಅಪ್ಪಯ್ಯ ಹೇಳಿದ್ದಾರೆ.

ಕೇಸರಿ ಜಾಕೆಟ್ ನಮ್ಮ ಮನೆಯ ಕೋಟು ನೇತುಹಾಕೋ ಗೂಟದಲ್ಲಿದೆ. ಅದರ ಒಳಗೆ ಒಂದು ಚೀಟಿ ಹೊಲಿದಿದ್ದಾರೆ: 30ರಿಂದ 50 ಪೌಂಡ್ ತೂಕದ ಮಕ್ಕಳಿಗೆ. ಮಗಳು ಈಗ 43 ಪೌಂಡ್. ತಿಂಗಳಿಗೊಮ್ಮೆ ತೂಕ ನೋಡ್ತಿದ್ದೀವಿ. ಟಿಕೆಟ್ ಬುಕ್ ಮಾಡಿದ್ದಾಗಿದೆ.